ಹೆಣ್ಣೆಂದು ಹುಡುಕಿದರೆ ನಾರಿ ಸಿಕ್ಕಾಳೆಯೆ?

ಹೋದ ಶ್ರಾವಣದಲ್ಲಿ ರಾಯಚೂರಿನ ನಮ್ಮ ಓಣಿಯ ಮಹಿಳಾ ಮಂಡಳಿಯವರು ‘ದಾಸಸಾಹಿತ್ಯದಲ್ಲಿ ಹೆಣ್ಣು’ ಎಂಬ ವಿಷಯ ಕೊಟ್ಟು ಅರ್ಧ ತಾಸು ಮಾತಾಡೆಂದರು. ವಿಷಯ ನಮ್ಮ ಅಂಗಳದ್ದೇ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಆದರೆ ಮೂವರ ಪದ, ಸುಳಾದಿಗಳನ್ನೆಲ್ಲ ಓದಿ ಮುಗಿಸಲು ನನಗೆ ಪುರುಸೊತ್ತೆಲ್ಲಿ?

ಮಗ ಲ್ಯಾಪ್‌ಟಾಪಿನಲ್ಲಿ ಆಂಟ್‌ಕಾಂಕ್ ಎಂಬ ತಂತ್ರಾಂಶ ಹಾಕಿಕೊಟ್ಟ. ಜಪಾನಿನ ವಸೇದಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಹಾಡುಗಳ ಕಡತ ತುಂಬಿ ಒಂದು ಪದ ಕೊಟ್ಟರೆ, ಅದು ಬಂದ ಸಾಲುಗಳನ್ನೆಲ್ಲ ಹಿಂದುಮುಂದಿನ ಮಾತಿನ ಸಮೇತ ಒಂದರ ಕೆಳಗೊಂದು ನಿಲ್ಲಿಸುತ್ತದೆ, ಹುಡುಕಿದ ಪದ ನಟ್ಟನಡುವೆ. ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿಗಾಗಿ ಹಿರಿಯರು ವರ್ಷಗಟ್ಟಲೆ ಚೀಟಿಗಳಲ್ಲಿ ಬರೆದು ಕೂಡಿಸಿದ್ದು ಇಂಥ ಪ್ರಯೋಗಗಳನ್ನೇ. ಸ್ವರಚಿಹ್ನೆಗಳೂ ಪದದ ಭಾಗವೆಂದು ಅದಕ್ಕೆ ಮೊದಲೇ ತಿಳಿಸದಿದ್ದರೆ ಕನ್ನಡದ ಪದಗಳು ತುಂಡಾಗುವುದುಂಟು. ಮಗ ಅದನ್ನು ಸರಿಪಡಿಸಿಟ್ಟಿದ್ದ.

‘ಹೆಣ್ಣು’ ಎಂದು ಕೊಟ್ಟೆ. ಬಂದದ್ದು ಬೆರಳೆಣಿಕೆಯ ಸಾಲು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ. ‘ದಾಸರು ಹೆಣ್ಣನ್ನು ಮರೆತರು’ ಎಂದು ಭಾಷಣದ ಮೊದಲ ವಾಕ್ಯ ಬರೆದುಬಿಟ್ಟೆ.

ಮಾನ್ವಿಗೆ ಹೋದಾಗ ಕಾಕುವಿಗೆ ಅದನ್ನು ಓದಿ ಹೇಳಿದೆ. ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸದೆ ಅಂದರು: “ಹೆಣ್ಣಂತ ಹುಡುಕಿದ್ರ ನಾರಿ ಹ್ಯಾಂಗ ಸಿಗ್ತಾಳವಾ? ಸತಿ ಅದಾಳ, ಕಾಂತಿ ಅದಾಳ, ಲಕುಮಿ ಅದಾಳ. ಗೋಪಿ ಆಗಿ ಕೃಷ್ಣನ್ನ ಕರದು ಹಾಡ್ತಾರಲ್ಲ, ಅಲ್ಲಿ ಹೆಣ್ಣು ಅನ್ನೋ ಮಾತು ಯಾಕ ಬರಬೇಕು?”

ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದು ಮತ್ತೆ ಕೂತೆ. ಹೆಣ್ಣಿಗೆ, ಹೆಣ್ಣಿನ, ಹೆಣ್ಣಾಗಿ ಇವೆಲ್ಲ ಯಂತ್ರಕ್ಕೆ ಬೇರೆ ಬೇರೆ ಪದಗಳು. ಬರೀ ಮೊದಲ ಅಕ್ಷರಗಳಿಂದ ಹುಡುಕೋಣವೆಂದರೆ ಇನ್ನೊಂದು ಪೇಚು: ‘ಹರಿ’ ಎಂದರೆ ದೇವರ ಜೊತೆಗೆ ಹರಿದ ಸೀರೆ, ಹರಿಯುವ ನೀರು ಎಲ್ಲ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಪದಪಟ್ಟಿಯಲ್ಲಿ ‘ವಿಠಲ’ ಮೇಲೆ ಕೂತದ್ದು ನೋಡಿ ಏನೋ ಕಂಡುಹಿಡಿದೆನೆಂದುಕೊಂಡಿದ್ದೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಅದು ಹಾಡಿನ ಕೊನೆಗೆ ಬೀಳುವ ಅಂಕಿತ. ಕಾಗದದ ರುಜುವನ್ನು ಒಕ್ಕಣೆಯೆಂದು ಎಣಿಸಿದ ಹಾಗಾಯಿತು.

ಇದಕ್ಕಿಂತ ದೊಡ್ಡ ತಪ್ಪು ನನ್ನ ಕಡತದಲ್ಲೇ ಇತ್ತು. ನಾನು ತುಂಬಿದ್ದು ಮೂವರು ಗಂಡಸರ ಹಾಡು! ಗೋಪಾಲದಾಸರ ಅನುಗ್ರಹ ಪಡೆದರೆಂದು ಸಂಪ್ರದಾಯ ಹೇಳುವ ಹೆಳವನಕಟ್ಟೆ ಗಿರಿಯಮ್ಮ, ಚಂದ್ರಹಾಸನ ಕಥೆ ಬರೆದ ಆ ಹೆಣ್ಣುಮಗಳು, ಅದರಲ್ಲಿರಲಿಲ್ಲ. ದಾಸರು ಮರೆತರೆಂದು ದೂರಿದವಳು ಆಕೆಯನ್ನು ಮರೆತಿದ್ದೆ. ಇನ್ನು ನಮ್ಮ ಮನೆಗಳಲ್ಲಿ ಹೆಂಗಸರು ಬರೆದಿಟ್ಟ ಹಾಡಿನ ವಹಿಗಳ ಮಾತಂತೂ ದೂರ. ಅಚ್ಚಾಗದ್ದು, ಯಾರೂ ಟೈಪು ಮಾಡದ್ದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಹಾಗೆಂದು ಈ ಯಂತ್ರವನ್ನು ನಾನು ಬಯ್ಯಲಾರೆ. ಕಾಕು ಹೇಳಿದಂತೆ ನಾರಿ, ಸತಿ, ಕಾಂತೆ ಎಂದು ಒಂದೊಂದಾಗಿ ಕೊಟ್ಟಾಗ ಅದು ಪರದೆ ತುಂಬ ಸಾಲು ತಂದು ಹಾಕಿತು. ಯಾವುದು ಬೈಗಳು, ಯಾವುದು ಲಾಲನೆ ಎಂದು ಬೇರ್ಪಡಿಸಲು ಮಾತ್ರ ಪ್ರತಿ ಹಾಡನ್ನೂ ಪೂರ್ತಿ ಓದಬೇಕಾಯಿತು. ಪುರುಸೊತ್ತಿಲ್ಲವೆಂದವಳು ಎರಡು ವಾರ ಓದಿದೆ.

ಭಾಷಣದ ಮೊದಲ ವಾಕ್ಯ ಹೊಡೆದುಹಾಕಿ, ಗೋಪಿಯ ದನಿಯಿಂದಲೇ ಶುರು ಮಾಡಿದೆ. ಈಗ ಕಾಕುವಿನ ವಹಿ ನನ್ನ ಹತ್ತಿರ ಇದೆ. ನಾಲ್ಕು ಹಾಡು ಟೈಪಾಗಿವೆ. ಐದನೆಯದರಲ್ಲಿ ಎಣ್ಣೆಯ ಕಲೆಯ ಕೆಳಗೆ ಒಂದು ಪದ ಓದಲಾಗುತ್ತಿಲ್ಲ. ಮುಂದಿನ ವಾರ ಮಾನ್ವಿಗೆ ಹೋಗಿ ಅವರಿಂದಲೇ ಹಾಡಿಸಿ ಕೇಳಬೇಕು.