ಸತ್ತವರು ತಿರುಗಿ ಬರದ ಆಟ

2005ರ ಬೇಸಿಗೆ ಸೂಟಿ. ಇಳಕಲ್ಲಿನ ಅಜ್ಜನ ಮನೆಯಲ್ಲಿ ಕುಣಿಮಗ್ಗದ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದೆ. ಕೈಯಲ್ಲಿ ಮಸ್ಕತ್‌ನಿಂದ ಬಂದ ಸೋದರಮಾವ ಕೊಟ್ಟ ಗೇಮ್‌ಬಾಯ್ ಅಡ್ವಾನ್ಸ್. ಅದರ ಜೊತೆ ಬಂದಿದ್ದ ಆಟ ಒಂದೇ, ಫೈರ್ ಎಂಬ್ಲಮ್. ರೆಕ್ಕೆಯ ಕುದುರೆ ಏರಿದ ಫ್ಲೋರಿನಾ ಎಂಬ ಹುಡುಗಿಯನ್ನು ನಾನು ಒಂದೇ ಒಂದು ಮನೆ ಹೆಚ್ಚಿಗೆ ಮುಂದೆ ನಡೆಸಿದ್ದೆ. ಬಿಲ್ಲುಗಾರ ಎಷ್ಟು ಮನೆ ನಡೆಯಬಲ್ಲ ಎಂದು ಎಣಿಸಿದ್ದೆ, ಅದರ ಮೇಲೆ ಬಾಣ ಎರಡು ಮನೆ ಹಾರುತ್ತದೆ ಎಂಬುದನ್ನು ಎಣಿಸಿರಲಿಲ್ಲ. ಹಾರುವವರಿಗೆ ಬಾಣದ ಪೆಟ್ಟು ಬಲು ಜೋರು. ಒಂದೇ ಬಾಣಕ್ಕೆ ಬಿದ್ದಳು. ಗಂಡಸರನ್ನು ಕಂಡರೆ ಅಂಜುವ, ಗೆಳತಿ ಲಿನ್‌ಗಾಗಿ ಮಾತ್ರ ಯುದ್ಧಕ್ಕೆ ಬಂದ ಹುಡುಗಿ ಅವಳು. ಎರಡು ಸಾಲು ಮಾತಾಡಿ ಪರದೆಯಿಂದ ಮರೆಯಾದಳು.

ನಾನು ತಡಮಾಡಲಿಲ್ಲ. ಆ ಅಧ್ಯಾಯವನ್ನು ಮೊದಲಿನಿಂದ ಶುರು ಮಾಡಿದೆ. ಲಾಳಿ ನಿಲ್ಲಿಸಿ ನೋಡುತ್ತಿದ್ದ ಅಜ್ಜ ಕೇಳಿದ, "ಅಲ್ಲೋ ತಮ್ಮಾ, ಈಗರ ಸತ್ಲಲ್ಲೋ ಆ ಹುಡುಗಿ. ಮತ್ತ ಎಲ್ಲಿಂದ ಬಂದ್ಲು?"

"ಮೊದಲಿಂದ ಚಾಲೂ ಮಾಡೀನಿ ಅಜ್ಜಾ."

"ಹುಲಿ ತಿಂದ ಕುರಿ ಕಟ್ಟಿ ಮ್ಯಾಲ ತಿರುಗಿ ಇಡ್ತೀಯೇನು?"

ಇಷ್ಟು ವರ್ಷ ಆಟಗಳ ಬಗ್ಗೆ ಬರೆದ ಮೇಲೂ ಈ ಸರಣಿಯ ಕುರಿತು ಅಷ್ಟು ನೇರವಾದ ಪ್ರಶ್ನೆಯನ್ನು ಮತ್ತೊಬ್ಬರು ಕೇಳಿದ್ದನ್ನು ನಾನು ಕಂಡಿಲ್ಲ. ಈ ವಾರ ಅದಕ್ಕೇ ಅದರ ಮಾತು.

ಫೈರ್ ಎಂಬ್ಲಮ್ ಹುಟ್ಟಿದ್ದು 1990ರ ಏಪ್ರಿಲ್‌ನಲ್ಲಿ, ಜಪಾನಿನಲ್ಲಿ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ. ಮಾಡಿದ ಸಂಸ್ಥೆ ಇಂಟೆಲಿಜೆಂಟ್ ಸಿಸ್ಟಮ್ಸ್, ಹಿಂದಿದ್ದ ತಲೆ ಶೋಜೊ ಕಾಗಾ. ಇದೇ ಸಂಸ್ಥೆ ಎರಡು ವರ್ಷ ಮೊದಲು, 1988ರಲ್ಲಿ, ಫ್ಯಾಮಿಕಾಮ್ ವಾರ್ಸ್ ಎಂಬ ಯುದ್ಧದ ಆಟ ಮಾಡಿತ್ತು. ಅಲ್ಲಿಯೂ ಮನೆಮನೆಯಾಗಿ ನಡೆಸುವ ದಂಡು, ಅಲ್ಲಿಯೂ ಕಾಡು, ಗುಡ್ಡ, ಸರದಿ. ಆದರೆ ಅಲ್ಲಿ ಸೈನಿಕನಿಗೆ ಹೆಸರಿಲ್ಲ. ಕಾರ್ಖಾನೆಯಲ್ಲಿ ರೊಕ್ಕ ಕೊಟ್ಟು ಟ್ಯಾಂಕ್ ತರಬೇಕು, ಅದು ಸುಟ್ಟುಹೋದರೆ ಇನ್ನೊಂದು ತರಬೇಕು. ಎರಡು ವರ್ಷದ ಬಳಿಕ ಬಂದ ಆಟದಲ್ಲಿ ಒಂದೊಂದು ಕಾಯಿಗೂ ಹೆಸರು, ಮುಖ, ಊರು, ಕಳೆದುಕೊಳ್ಳಲು ಒಂದು ಜೀವ. ಯುದ್ಧದಲ್ಲಿ ಬಿದ್ದವನು ಆಟ ಮುಗಿಯುವ ತನಕ ಇಲ್ಲ. ಈ ಸರಣಿಯ ದೊಡ್ಡತನವೆಲ್ಲ ಆ ಒಂದು ತೀರ್ಮಾನದಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕತ್ತಿ ಕೊಡಲಿಗೆ ಮೇಲು, ಕೊಡಲಿ ಭರ್ಚಿಗೆ ಮೇಲು, ಭರ್ಚಿ ಕತ್ತಿಗೆ ಮೇಲು ಎಂಬ ಪ್ರಸಿದ್ಧ ತ್ರಿಕೋನ ಬಂದದ್ದು 1996ರಲ್ಲಿ. ಚೆಂದದ ಉಪಾಯವೇ ಸರಿ, ಆದರೂ ಅದಿಲ್ಲದೆ ಆಟ ಆರು ವರ್ಷ ನಡೆದಿತ್ತು. ಹೆಸರಿಲ್ಲದೆ ಒಂದು ದಿನವೂ ನಡೆಯುತ್ತಿರಲಿಲ್ಲ.

ನಮ್ಮ ಹುಲಿ-ಕುರಿ ಆಟ ಫ್ಯಾಮಿಕಾಮ್ ವಾರ್ಸ್‌ನ ಕಡೆಯದು. ಗುಡಿಯ ಕಟ್ಟೆಯ ಮೇಲೆ ಇಟ್ಟಂಗಿ ಚೂರಿನಿಂದ ಗೆರೆ ಎಳೆದು, ಮೂರು ದಪ್ಪ ಹರಳು ಹುಲಿ, ಹದಿನೈದು ಸಣ್ಣ ಹರಳು ಕುರಿ. ಕುರಿಯವನು ಹುಲಿಯನ್ನು ಕಟ್ಟಿಹಾಕಬೇಕು, ಹುಲಿಯವನು ಹಾರಿ ಹಾರಿ ಕುರಿ ತಿನ್ನಬೇಕು. ಒಂದು ಕುರಿಯನ್ನು ಬೇಕಂತಲೇ ತಿನ್ನಗೊಟ್ಟು ಹುಲಿಯನ್ನು ಮೂಲೆಗೆ ಎಳೆಯುವುದು ಅಜ್ಜನ ಕೈಚಳಕ. ಹರಳಿಗೆ ಹೆಸರಿಲ್ಲದ್ದಕ್ಕೇ ಅದು ಸಾಧ್ಯ. ಹದಿನೈದರಲ್ಲಿ ಯಾವುದು ಹೋಯಿತು ಎಂದು ಕೇಳುವವರಿಲ್ಲ. ಫ್ಲೋರಿನಾಳನ್ನು ಹಾಗೆ ಒಡ್ಡಲು ನನಗೆ ಇಂದಿಗೂ ಕೈ ಬರುವುದಿಲ್ಲ. ಆದರೆ ತಿಂದ ಕುರಿಯನ್ನು ತಿರುಗಿ ಇಡಬಾರದು ಎಂಬ ಮಾತಿನಲ್ಲಿ ಅಜ್ಜನೂ ಕಾಗಾನೂ ಒಂದೇ.

ಫೈರ್ ಎಂಬ್ಲಮ್‌ನ ನೆಲದ ಲೆಕ್ಕ ನನಗೆ ತಲೆಗೆ ಹತ್ತಿದ್ದು ಬಾದಾಮಿಯಲ್ಲಿ. ಅಗಸ್ತ್ಯ ತೀರ್ಥದ ದಂಡೆಯ ವಸ್ತುಸಂಗ್ರಹಾಲಯದ ಹಿಂದಿನಿಂದ ಬಡಗಣ ಗುಡ್ಡಕ್ಕೆ ಹತ್ತುವ ದಾರಿ ನೋಡಿದವರಿಗೆ ಗೊತ್ತು. ಕೆಂಪು ಬಂಡೆ ಸೀಳಿದ ಸಂದು, ಎರಡೂ ಕಡೆ ನೆಟ್ಟಗೆ ಎದ್ದ ಗೋಡೆ, ಒಳಗೆ ಎತ್ತರೆತ್ತರದ ಮೆಟ್ಟಿಲು. ಎದುರಿನಿಂದ ಒಬ್ಬ ಇಳಿದು ಬಂದರೆ ನೀವು ಬಂಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾದ ಜಾಗಗಳಿವೆ. ಆ ಸಂದಿನ ಬಾಯಲ್ಲಿ ಕವಚ ತೊಟ್ಟ ಒಬ್ಬ ಭಟ ನಿಂತರೆ ಕೆಳಗೆ ನೂರು ಜನ ಇದ್ದೂ ಏನು ಮಾಡಬೇಕು? ಅವನ ಎದುರಿಗೆ ನಿಲ್ಲಲು ಒಬ್ಬನಿಗೆ ಮಾತ್ರ ಜಾಗ. ಅವನ ಹಿಂದಿನ ಮೆಟ್ಟಿಲಲ್ಲಿ ಒಬ್ಬ ಬಿಲ್ಲುಗಾರ, ಅವನ ಹಿಂದೆ ಗಾಯ ಮಾಯಿಸುವವನೊಬ್ಬ. ಫೈರ್ ಎಂಬ್ಲಮ್ ಆಡಿದ ಯಾರಿಗಾದರೂ ಈ ಸಾಲು ಕಣ್ಣುಮುಚ್ಚಿದರೂ ಕಾಣುತ್ತದೆ. ಮೊದಲನೆಯ ಪುಲಿಕೇಶಿ 543ರಲ್ಲಿ ಈ ಬೆಟ್ಟವನ್ನು ಕೋಟೆ ಮಾಡಿದ್ದು ಸುಮ್ಮನೆ ಅಲ್ಲ.

ಆದರೂ ಈ ಕೋಟೆ ಬಿತ್ತು. ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ಗೆಲುವುಗಳನ್ನು ಸಾಲಾಗಿ ಬರೆದದ್ದು 634ರಲ್ಲಿ, ಹರ್ಷನನ್ನು ಹಿಮ್ಮೆಟ್ಟಿಸಿದ ಹೆಮ್ಮೆಯೂ ಅದರಲ್ಲಿದೆ. ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವರ ನರಸಿಂಹವರ್ಮ ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಹಿಡಿದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಈಗಲೂ ಇದೆ. ಸುಮಾರು 655ರ ಹೊತ್ತಿಗೆ ಪುಲಿಕೇಶಿಯ ಮಗ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆದ. ಅಪ್ಪ ಮಾತ್ರ ಆ ಯುದ್ಧದ ಬಳಿಕ ಇತಿಹಾಸದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಅರಸರ ಮಾತು ಬಿಡೋಣ, ಅವರಿಗೆ ರವಿಕೀರ್ತಿಯಂಥವರಿದ್ದರು. ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ಅಗಸ್ತ್ಯ ತೀರ್ಥದ ಮೇಲಿನ ಬಂಡೆಯ ಕಪ್ಪೆ ಅರಭಟ್ಟನ ಶಾಸನ. ಏಳನೆಯ ಶತಮಾನದ ಕೊನೆಯ ಸುಮಾರಿನದು, ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟದ್ದು. ಅದರಲ್ಲಿ ಅವನು ಗೆದ್ದ ಊರುಗಳ ಪಟ್ಟಿ ಇಲ್ಲ. ಒಳ್ಳೆಯವರೊಂದಿಗೆ ಹೇಗಿದ್ದ, ಕೆಣಕಿದವರೊಂದಿಗೆ ಹೇಗಿದ್ದ ಎಂಬುದಷ್ಟೇ. ಓದಿ ಮುಗಿಸುವಷ್ಟರಲ್ಲಿ ಒಬ್ಬ ಮನುಷ್ಯನ ಪರಿಚಯ ಆಗಿರುತ್ತದೆ. ಫೈರ್ ಎಂಬ್ಲಮ್‌ನಲ್ಲಿ ಇಬ್ಬರನ್ನು ಅಕ್ಕಪಕ್ಕದಲ್ಲಿ ಕೆಲವು ಸರದಿ ನಿಲ್ಲಿಸಿದರೆ ಅವರ ನಡುವೆ ಮಾತು ಹುಟ್ಟುತ್ತದೆ, ಸ್ವಭಾವ ಬಿಚ್ಚಿಕೊಳ್ಳುತ್ತದೆ. ಬಲ ಎಷ್ಟು, ವೇಗ ಎಷ್ಟು ಎಂಬ ಅಂಕಿಗಳಿಗಿಂತ ಆ ಮಾತೇ ಅವರನ್ನು ಕಾಯಬೇಕು ಎನ್ನಿಸುವಂತೆ ಮಾಡುತ್ತದೆ.

ಇನ್ನು ಹುನಗುಂದ ಸೀಮೆಯ ವೀರಗಲ್ಲುಗಳು. ಐಹೊಳೆಯ ದುರ್ಗದ ಗುಡಿಯ ಆವರಣದಲ್ಲಿ (ಇಲ್ಲಿ ದುರ್ಗ ಎಂದರೆ ಕೋಟೆ, ದೇವಿಯಲ್ಲ) ವಸ್ತುಸಂಗ್ರಹಾಲಯದ ಹೊರಗೆ ಸಾಲಾಗಿ ನಿಲ್ಲಿಸಿದ್ದಾರೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವರ ಕಲ್ಲುಗಳು ಕರ್ನಾಟಕದ ತುಂಬ ಇವೆ. ದೊಡ್ಡ ದಂಡಿನ ಲೆಕ್ಕದಲ್ಲಿ ಹಾಗೆ ಸತ್ತವನು ಒಂದು ಹರಳು. ಊರಿನ ಲೆಕ್ಕದಲ್ಲಿ ಅವನಿಗೊಂದು ಕಲ್ಲು ಬೇಕಿತ್ತು. ಅವನು ತಿರುಗಿ ಬರುವುದಿಲ್ಲ ಎಂದು ಗೊತ್ತಿದ್ದವರು ನಿಲ್ಲಿಸಿದ ಕಲ್ಲು ಅದು.

ಈ ಕಾರಣಕ್ಕೇ ಸರಣಿ ಆಮೇಲೆ ಹಿಡಿದ ದಾರಿಯ ಬಗ್ಗೆ ನನಗೆ ತಕರಾರಿದೆ. ಕಾಗಾ 1999ರಲ್ಲಿ ಸಂಸ್ಥೆ ಬಿಟ್ಟರು. 2010ರ ಆಟದಲ್ಲಿ, ಬಿದ್ದವರು ಮುಂದಿನ ಅಧ್ಯಾಯಕ್ಕೆ ಎದ್ದು ಬರುವ ಸುಲಭದ ಬಗೆಯೊಂದು ಸೇರಿತು. 2012ರ ಅವೇಕನಿಂಗ್ ಸೋತರೆ ಸರಣಿಯೇ ನಿಲ್ಲುವ ಸ್ಥಿತಿ ಇತ್ತು. ಅದು ಚೆನ್ನಾಗಿ ಮಾರಾಟವಾಗಿ ಸರಣಿಯನ್ನು ಉಳಿಸಿತು. ಆ ಸುಲಭದ ಬಗೆಯಿಂದ ಹೊಸಬರು ಬಂದರು ಎಂಬುದನ್ನು ಒಪ್ಪುತ್ತೇನೆ, ಬಂದವರಲ್ಲಿ ನನ್ನ ತಂಗಿಯೂ ಒಬ್ಬಳು. ಆದರೆ 2017ರ ಎಕೋಸ್‌ನಿಂದ ಈಚೆಗೆ ಕಾಲವನ್ನೇ ಹಿಂದಕ್ಕೆ ತಿರುಗಿಸುವ ಶಕ್ತಿಯೂ ಬಂದಿದೆ. 2019ರ ತ್ರೀ ಹೌಸಸ್‌ನಲ್ಲಿ, 2023ರ ಎಂಗೇಜ್‌ನಲ್ಲಿ, ತಪ್ಪು ಹೆಜ್ಜೆ ಇಟ್ಟ ಕೂಡಲೇ ಗುಂಡಿ ಒತ್ತಿದರೆ ಆ ಹೆಜ್ಜೆ ಇಟ್ಟೇ ಇಲ್ಲ. ಆಡುವವನ ಕೈ ಹಗುರಾಗುತ್ತದೆ. ಹಾರುವ ಹುಡುಗಿಯನ್ನು ಮುಂದಿಡುವ ಮುನ್ನ ಎರಡು ಸಲ ಎಣಿಸುವ ಕಾರಣವೇ ಹೋಗುತ್ತದೆ. 1997ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಎಂಬ ಬೇರೆಯ ಆಟ ಇದನ್ನು ಹೆಚ್ಚು ಹದವಾಗಿ ಮಾಡಿತ್ತು. ಬಿದ್ದವನ ತಲೆಯ ಮೇಲೆ ಎಣಿಕೆ ಇಳಿಯುತ್ತಿರುತ್ತದೆ, ಅಷ್ಟರಲ್ಲಿ ಯಾರಾದರೂ ಓಡಿಹೋಗಿ ಎಬ್ಬಿಸಿದರೆ ಉಳಿದ, ಇಲ್ಲವಾದರೆ ಹೋದ. ಅಲ್ಲಿ ಉಳಿಸುವುದಕ್ಕೂ ಒಬ್ಬ ಓಡಬೇಕು.

ಅಜ್ಜ ಹೋಗಿ ಒಂಬತ್ತು ವರ್ಷವಾಯಿತು. ಆ ಹಳೆಯ ಗೇಮ್‌ಬಾಯ್ ಇನ್ನೂ ನಡೆಯುತ್ತದೆ, ಬ್ಯಾಟರಿ ಮಾತ್ರ ಬದಲಿಸಿದ್ದೇನೆ. ಈ ತಿಂಗಳು ಅದೇ ಆಟವನ್ನು ಮೊದಲಿನಿಂದ ಹಿಡಿದಿದ್ದೇನೆ, ಯಾವ ಅಧ್ಯಾಯವನ್ನೂ ತಿರುಗಿ ಶುರು ಮಾಡುವುದಿಲ್ಲ ಎಂದು ಗೊತ್ತುಮಾಡಿಕೊಂಡು. ಫ್ಲೋರಿನಾಳನ್ನು ಬಿಲ್ಲುಗಾರರಿಂದ ದೂರ ಇಟ್ಟೆ, ಉಳಿದಿದ್ದಾಳೆ. ಮೊನ್ನೆ ಭಾನುವಾರ ನನ್ನ ಕಡೆಯ ಬಿಲ್ಲುಗಾರ ವಿಲ್ ಹೋದ. ಅವಸರದಲ್ಲಿ ನಾನೇ ಅವನ ಎದುರಿನ ಬಾಗಿಲು ಬಿಟ್ಟುಕೊಟ್ಟಿದ್ದೆ. ಆಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಕಟ್ಟೆಯ ಮೇಲೆ ಕೂತು ಬಂದೆ. ಆಮೇಲೆ ಅವನಿಲ್ಲದೆ ಉಳಿದವರನ್ನು ಮುಂದೆ ನಡೆಸಿದೆ.