ಕರೆಗಂಟೆಯೂ ಕೀಲಿಕೈಯೂ: ಕಚೇರಿ ತಂತ್ರಾಂಶಗಳಲ್ಲಿ ಅಧಿಸೂಚನೆ ಮತ್ತು ಕಡತ ಹಂಚಿಕೆ

(ಗಡಿನಾಡು ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಉಂಟಲ್ಲ? ಆಯ್ತು. ಅಧ್ಯಕ್ಷತೆ ವಹಿಸಿದ ಸರ್ ಅವರಿಗೆ, ಸೊಲ್ಲಾಪುರ, ಹೊಸೂರು, ಆದೋನಿ ಕಡೆಯಿಂದ ಸೇರಿಕೊಂಡ ಗೆಳೆಯರಿಗೆ ಕಾಸರಗೋಡಿನಿಂದ ವಂದನೆಗಳು.

ವಿಮರ್ಶೆಯ ಗೋಷ್ಠಿಯಲ್ಲಿ ತಂತ್ರಾಂಶದ ಮಾತು ಯಾಕೆ ಅಂತ ಒಬ್ಬರು ನಿನ್ನೆಯೇ ಕೇಳಿದರು. ನನ್ನ ಉತ್ತರ ಸರಳ. ನಮ್ಮಲ್ಲಿ ಹಲವರು ದಿನಕ್ಕೆ ಅತಿ ಹೆಚ್ಚು ಸಲ ಓದುವ ಬರಹ ಕಥೆಯಲ್ಲ, ಲೇಖನವೂ ಅಲ್ಲ. ಫೋನಿನ ಮೇಲ್ತುದಿಯಲ್ಲಿ ಇಣುಕುವ ಒಂದೂವರೆ ಸಾಲಿನ ಸೂಚನೆ. 'ಇಂಥವರು ನಿಮ್ಮೊಂದಿಗೆ ಒಂದು ಕಡತ ಹಂಚಿಕೊಂಡಿದ್ದಾರೆ.' ಈ ಒಂದು ವಾಕ್ಯದಲ್ಲಿ ಎರಡು ಕ್ರಿಯೆಗಳಿವೆ: ತಿಳಿಸುವುದು, ಹಂಚುವುದು. ಕಳೆದ ಹತ್ತು ವರ್ಷಗಳಲ್ಲಿ ಎರಡರ ಅರ್ಥವೂ ಬದಲಾಗಿದೆ, ಶಬ್ದಗಳು ಮಾತ್ರ ಹಾಗೆಯೇ ಉಳಿದಿವೆ. ಶಬ್ದ ಉಳಿದು ಅರ್ಥ ಜಾರಿದ ಕಡೆ ವಿಮರ್ಶೆಗೆ ಕೆಲಸ ಉಂಟು ಅಂತ ನಾನು ನಂಬಿದ್ದೇನೆ.

ಮೊದಲು ಒಂದು ಘಟನೆ ಹೇಳುತ್ತೇನೆ.

1. ಮೂವತ್ತೆಂಟು ಧ್ವನಿಮುದ್ರಣಗಳು

ನನಗಿಂತ ಹಿರಿಯ ಸಂಶೋಧಕಿಯೊಬ್ಬರು, ನಾವೆಲ್ಲ ಅಕ್ಕ ಅಂತಲೇ ಕರೆಯುವುದು, ಮಂಜೇಶ್ವರ, ಬದಿಯಡ್ಕ ಕಡೆಯ ವಯಸ್ಸಾದ ಹೆಂಗಸರಿಂದ ಮದುವೆ ಹಾಡು, ಶೋಭಾನೆ, ನಾಟಿಯ ಕಾಲದ ಹಾಡುಗಳನ್ನು ದಾಖಲಿಸಿದ್ದರು. ಮೂವತ್ತೆಂಟು ಧ್ವನಿಮುದ್ರಣಗಳು. ಎಲ್ಲವನ್ನೂ ಸಂಸ್ಥೆ ಕೊಟ್ಟ ತಂತ್ರಾಂಶದ ಗುಂಪಿನಲ್ಲಿ ನಮಗೆ ಹಂಚಿದ್ದರು. ನಾವು ಹೆಬ್ಬೆರಳು ಒತ್ತಿದೆವು, 'ಸಿಕ್ಕಿತು ಅಕ್ಕಾ' ಅಂತ ಬರೆದೆವು. ಸಿಕ್ಕಿದ್ದು ಕಡತವಲ್ಲ, ಕಡತಕ್ಕೆ ಹೋಗುವ ದಾರಿ ಅಂತ ನಮಗ್ಯಾರಿಗೂ ಹೊಳೆಯಲಿಲ್ಲ.

ಅಕ್ಕ ಪ್ರಬಂಧ ಸಲ್ಲಿಸಿದರು, ಬೇರೆ ಊರಿಗೆ ಕೆಲಸಕ್ಕೆ ಹೋದರು. ಅವರ ಖಾತೆಯನ್ನು ನಿಯಮದ ಪ್ರಕಾರ ಮುಚ್ಚಿದರು. ಮುಚ್ಚುತ್ತೇವೆ ಎಂಬ ಎಚ್ಚರಿಕೆ ಬಂದಿತ್ತಂತೆ. ಅದೂ ಆ ಖಾತೆಗೇ, ಇಂಗ್ಲಿಷಿನಲ್ಲಿ, ನೂರಾರು ಸೂಚನೆಗಳ ನಡುವೆ. ಕೆಲವು ತಿಂಗಳ ಮೇಲೆ ನಾನು ಒಂದು ಹಾಡು ಹುಡುಕಿಕೊಂಡು ಹೋದರೆ ಗುಂಪಿನಲ್ಲಿ ಸಂದೇಶ ಉಂಟು, ಕಡತದ ಹೆಸರು ಉಂಟು, ನಮ್ಮ ಹೆಬ್ಬೆರಳುಗಳೂ ಉಂಟು. ಹಾಡು ಮಾತ್ರ ಇಲ್ಲ. ಅಕ್ಕನ ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿ ಹನ್ನೊಂದು ಸಿಕ್ಕಿದವು. ಉಳಿದವುಗಳಲ್ಲಿ ಐದನ್ನು ಹಾಡಿದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದರಲ್ಲಿ ಯಾರ ತಪ್ಪು ಅಂತ ಹುಡುಕುವುದು ನನ್ನ ಉದ್ದೇಶವಲ್ಲ. ಅಕ್ಕ ಹಂಚಿದ್ದರು ಎನ್ನುವುದು ನಿಜ. ನಮ್ಮ ಕೈಗೆ ಏನೂ ಬಂದಿರಲಿಲ್ಲ ಎನ್ನುವುದೂ ನಿಜ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ?

2. 'ಹಂಚು' ಎಂಬ ಧಾತು

ಕನ್ನಡದಲ್ಲಿ ಹಂಚುವುದು ಎಂದರೆ ಪಾಲು ಮಾಡಿ ಕೊಡುವುದು. ಪ್ರಸಾದ ಹಂಚುತ್ತೇವೆ, ಆಸ್ತಿ ಹಂಚಿಕೊಳ್ಳುತ್ತೇವೆ. ಕೊಟ್ಟದ್ದು ಪಡೆದವನ ಕೈಯಲ್ಲಿರುತ್ತದೆ. ಕೊಟ್ಟವನು ಊರು ಬಿಟ್ಟರೂ ಪ್ರಸಾದ ಮಾಯವಾಗುವುದಿಲ್ಲ. ಇಮೇಲಿಗೆ ಕಡತ ಲಗತ್ತಿಸಿ ಕಳಿಸುತ್ತಿದ್ದ ಕಾಲದಲ್ಲಿ ಈ ಅರ್ಥ ಸರಿಯಾಗಿಯೇ ಹೊಂದುತ್ತಿತ್ತು. ಹತ್ತು ಜನರಿಗೆ ಕಳಿಸಿದರೆ ಹತ್ತು ಪ್ರತಿ. ಯಾವುದು ಕೊನೆಯ ತಿದ್ದುಪಡಿ ಎಂಬ ಗೊಂದಲ ಇತ್ತು, ಒಪ್ಪುತ್ತೇನೆ. 'ಅಂತಿಮ', 'ಅಂತಿಮ ಹೊಸತು', 'ನಿಜವಾದ ಅಂತಿಮ' ಅಂತ ಹೆಸರಿಟ್ಟ ಕಡತಗಳು ನಮ್ಮೆಲ್ಲರ ಹತ್ತಿರವೂ ಉಂಟು.

ಆ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಲಿಂಕ್. ಒಂದೇ ಕಡತ, ಒಂದೇ ಜಾಗ, ಎಲ್ಲರಿಗೂ ಅನುಮತಿ. ಕೂಡಿ ಬರೆಯುವುದಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಕ್ರಿಯೆ ಬದಲಾಯಿತು. ಇದು ಹಂಚಿಕೆಯಲ್ಲ, ನಮ್ಮ ಮನೆಯ ಕಪಾಟನ್ನು ನೋಡಲು ಬನ್ನಿ ಎಂದು ಕರೆದ ಹಾಗೆ. ಮನೆ ಮುಚ್ಚಿದರೆ ಕಪಾಟೂ ಮುಚ್ಚಿತು.

ಕಪಾಟು ಯಾರ ಮನೆಯಲ್ಲಿದೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ, ಒಂದೇ ತಂತ್ರಾಂಶದ ಒಳಗೂ ಬೇರೆ ಬೇರೆ. ಮೈಕ್ರೋಸಾಫ್ಟ್ ಟೀಮ್ಸ್ ನೋಡಿ. ಅಲ್ಲಿ ಚಾನೆಲಿನಲ್ಲಿ ಹಾಕಿದ ಕಡತ ಆ ತಂಡದ ಶೇರ್‌ಪಾಯಿಂಟ್ ಜಾಗಕ್ಕೆ ಹೋಗುತ್ತದೆ. ಚಾಟಿನಲ್ಲಿ ಹಾಕಿದ ಕಡತ ಕಳಿಸಿದವರ ಸ್ವಂತ ಒನ್‌ಡ್ರೈವಿನಲ್ಲಿ ಕೂರುತ್ತದೆ. ಪರದೆಯ ಮೇಲೆ ಎರಡೂ ಬಹುತೇಕ ಒಂದೇ ರೀತಿ ಕಾಣುತ್ತವೆ. ಒಬ್ಬರ ಖಾತೆಯನ್ನು ಅಳಿಸಿದರೆ ಅವರ ಒನ್‌ಡ್ರೈವನ್ನು, ಆಡಳಿತ ವಿಭಾಗ ಬೇರೆ ಅವಧಿ ನಿಗದಿಮಾಡದಿದ್ದರೆ, 30 ದಿನ ಇಟ್ಟುಕೊಳ್ಳುವುದು ಮೂಲ ವ್ಯವಸ್ಥೆ. ಗೂಗಲ್ ಡ್ರೈವಿನಲ್ಲೂ ಇದೇ ಭೇದ: 'ನನ್ನ ಡ್ರೈವ್' ವ್ಯಕ್ತಿಯದ್ದು, 2017ರಲ್ಲಿ ಟೀಮ್ ಡ್ರೈವ್ ಎಂಬ ಹೆಸರಿನಲ್ಲಿ ಬಂದು ಈಗ ಶೇರ್ಡ್ ಡ್ರೈವ್ ಎನಿಸಿಕೊಂಡದ್ದು ಸಂಸ್ಥೆಯದ್ದು. ವ್ಯಕ್ತಿ ಹೋದರೂ ಅದು ಉಳಿಯುತ್ತದೆ. ಅಂದರೆ ಉಪಾಯ ಇಲ್ಲದೆ ಇಲ್ಲ. 'ಹಂಚಿ' ಎನ್ನುವ ಗುಂಡಿ ಈ ಭೇದವನ್ನು ಹೇಳುವುದಿಲ್ಲ, ಅಷ್ಟೆ.

3. ಹುಡುಕಬಹುದಾದ ದಾಖಲೆಗೆ 90 ದಿನ

ಎರಡನೆಯ ಉದಾಹರಣೆ ಸ್ಲ್ಯಾಕ್. ಒಂದು ಆಟ ತಯಾರಿಸುತ್ತಿದ್ದ ತಂಡ ತನ್ನ ಒಳಗಿನ ಮಾತುಕತೆಗಾಗಿ ಮಾಡಿಕೊಂಡ ಸಾಧನ ಅದು. ಆಟ ನಿಂತಿತು, ಸಾಧನ ಉಳಿಯಿತು. 2014ರಲ್ಲಿ ಎಲ್ಲರಿಗೂ ತೆರೆಯಿತು. ಆ ಹೆಸರಿನ ಇಂಗ್ಲಿಷ್ ಅಕ್ಷರಗಳ ವಿಸ್ತರಣೆಯನ್ನು ಕನ್ನಡದಲ್ಲಿ ಹೇಳಿದರೆ 'ಎಲ್ಲ ಮಾತುಕತೆ ಮತ್ತು ಜ್ಞಾನದ, ಹುಡುಕಬಹುದಾದ ದಾಖಲೆ' ಎಂದಾಗುತ್ತದೆ. ಇದೊಂದು ವಾಗ್ದಾನ. ಜಗತ್ತಿನಾದ್ಯಂತ ಸಣ್ಣ ಸಂಘಗಳು, ವಿದ್ಯಾರ್ಥಿ ಗುಂಪುಗಳು ಉಚಿತ ಯೋಜನೆಯಲ್ಲಿ ಸೇರಿದ್ದು ಇದನ್ನು ನಂಬಿ.

ಮೊದಲು ಉಚಿತ ಯೋಜನೆಯಲ್ಲಿ 10,000 ಸಂದೇಶಗಳವರೆಗೆ ನೋಡಬಹುದಿತ್ತು, ಕಡತಗಳಿಗೆ 5 ಜಿಬಿ ಜಾಗವಿತ್ತು. 2022ರ ಸೆಪ್ಟೆಂಬರ್ 1ರಿಂದ ಈ ಲೆಕ್ಕ ಹೋಗಿ, ಸಂದೇಶ ಮತ್ತು ಕಡತ ಎರಡಕ್ಕೂ ಹಿಂದಿನ 90 ದಿನ ಎಂಬ ಹೊಸ ಲೆಕ್ಕ ಬಂತು. ಈ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ನಿಧಾನವಾಗಿ ಮಾತಾಡುವ ಗುಂಪಿಗೆ ಸಣ್ಣದಲ್ಲ. ತಿಂಗಳಿಗೆ ನಲವತ್ತು ಸಂದೇಶ ಬರೆಯುವ ಸಂಶೋಧಕರ ಗುಂಪಿಗೆ ಹತ್ತು ಸಾವಿರ ಎಂದರೆ ಇಪ್ಪತ್ತು ವರ್ಷ. 90 ದಿನ ಎಂದರೆ ನೂರಿಪ್ಪತ್ತು ಸಂದೇಶ. ಮೊದಲ ಲೆಕ್ಕ ಮಾತಿನ ಪ್ರಮಾಣದ್ದು, ಎರಡನೆಯದು ಕಾಲದ್ದು. ಕಾಲದ ಲೆಕ್ಕದಲ್ಲಿ ಸದಾ ಗಡಿಬಿಡಿಯಲ್ಲಿರುವವರಿಗೆ ಹೆಚ್ಚು ತೊಂದರೆಯಿಲ್ಲ, ನಿಧಾನಸ್ಥರಿಗೆ ನಷ್ಟ. ಸಂಶೋಧನೆ ನಿಧಾನದ ಕೆಲಸ.

ಆಗ ಹಳೆಯದು ಮರೆಯಾಗುತ್ತಿತ್ತು, ಹಣ ಕಟ್ಟಿದರೆ ಮತ್ತೆ ಕಾಣುತ್ತಿತ್ತು. 2024ರ ಆಗಸ್ಟ್ 26ರಿಂದ ಉಚಿತ ಯೋಜನೆಯಲ್ಲಿ ಒಂದು ವರ್ಷಕ್ಕಿಂತ ಹಳೆಯದನ್ನು ಅಳಿಸಿಯೇಬಿಡುವ ಕ್ರಮ ಶುರುವಾಯಿತು. ಒಂದು ಕಂಪೆನಿ ಎಲ್ಲರ ಮಾತನ್ನೂ ಉಚಿತವಾಗಿ, ಎಂದೆಂದಿಗೂ ಕಾಪಾಡಬೇಕು ಅಂತ ನಾನು ವಾದಿಸುವುದಿಲ್ಲ. ಸಂಗ್ರಹಕ್ಕೆ ಖರ್ಚು ಉಂಟು. ಉಚಿತವಾಗಿ ಸಿಕ್ಕಿದ ಜಾಗವನ್ನು ನಾವು ಪತ್ರಾಗಾರ ಅಂತ ಭಾವಿಸಿದೆವಲ್ಲ, ಆ ಓದು ತಪ್ಪಾಗಿತ್ತು.

ಅದೇ 2024ರ ಆಗಸ್ಟ್ 26ರಂದು ಆಸ್ಟ್ರೇಲಿಯಾದಲ್ಲಿ, ಕೆಲಸದ ಅವಧಿ ಮುಗಿದ ಮೇಲೆ ಬಂದ ಕರೆ, ಸಂದೇಶಗಳನ್ನು ನೋಡದೆ ಇರುವ ಹಕ್ಕಿನ ಕಾನೂನು ಜಾರಿಯಾಯಿತು. ಕಾಕತಾಳೀಯ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು: ಒಂದು ಕಡೆ ಸಂದೇಶದ ಕಾಟ ತಡೆಯಲು ಕಾನೂನು ಬೇಕಾಯಿತು, ಇನ್ನೊಂದು ಕಡೆ ಅದೇ ಬಗೆಯ ಸಂದೇಶಗಳು ಉಳಿಯದೆ ಹೋದವು.

4. ಅಧಿಸೂಚನೆ: ಯಾರ ದನಿ?

ಈಗ ಗಂಟೆಯ ವಿಷಯಕ್ಕೆ ಬರುತ್ತೇನೆ. ಫೋನಿನ ಕನ್ನಡದಲ್ಲಿ ಇದಕ್ಕೆ 'ಅಧಿಸೂಚನೆ' ಅಂತ ಹೆಸರು. ಗಡಿನಾಡಿನವರಿಗೆ ಈ ಶಬ್ದ ಮೊದಲು ನೆನಪಿಸುವುದು ಸರ್ಕಾರಿ ಗೆಜೆಟ್ಟನ್ನು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಿಗರು ಕಾಯುತ್ತ ಬಂದದ್ದೇ ಅಧಿಸೂಚನೆಗಳಿಗಾಗಿ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ಪತ್ರವ್ಯವಹಾರ ಮಾಡಿ ಅದೇ ಭಾಷೆಯಲ್ಲಿ ಉತ್ತರ ಪಡೆಯಬಹುದು ಅಂತ ಉಂಟು. ಆದರೂ ಓದಲು ಬಾರದ ಭಾಷೆಯ ಸುತ್ತೋಲೆ ಹಿಡಿದು ಪಕ್ಕದ ಮನೆಯವರನ್ನು ಕೇಳಿದ ಅನುಭವ ನಮ್ಮ ಹಿರಿಯರಿಗೆ ಉಂಟು. ತಲುಪುವುದು ಬೇರೆ, ತಿಳಿಯುವುದು ಬೇರೆ ಎಂದು ನಾವು ತಂತ್ರಾಂಶದಿಂದ ಕಲಿಯಬೇಕಾಗಿಲ್ಲ.

ಈ ಶಬ್ದ ತಂತ್ರಾಂಶಕ್ಕೂ ಒಪ್ಪುತ್ತದೆ ಅಂತ ನನಗನಿಸುತ್ತದೆ. ಅಧಿಸೂಚನೆಯಲ್ಲಿ ಮೇಲಿನಿಂದ ಬರುವ ದನಿ ಉಂಟು. ಟೀಮ್ಸ್‌ನಲ್ಲಿ ಸಂದೇಶಕ್ಕೆ 'ತುರ್ತು' ಎಂಬ ಗುರುತು ಹಾಕಿದರೆ, ಪಡೆದವರು ಓದುವ ತನಕ ಎರಡೆರಡು ನಿಮಿಷಕ್ಕೊಮ್ಮೆ, 20 ನಿಮಿಷ ಗಂಟೆ ಹೊಡೆಯುತ್ತದೆ. ಸ್ಲ್ಯಾಕ್‌ನಲ್ಲಿ 'ಚಾನೆಲ್' ಎಂದು ಕೂಗಿದರೆ ಎಲ್ಲರಿಗೂ, 'ಹಿಯರ್' ಎಂದರೆ ಆಗ ಎಚ್ಚರವಿದ್ದವರಿಗೆ ಮಾತ್ರ. ಇವು ನಮ್ಮ ಡಂಗುರದ ಹೊಸ ರೂಪಗಳೇ. ಡಂಗುರದವನು ಕೇರಿ ಕೇರಿಗೆ ನಡೆಯಬೇಕಿತ್ತು, ಅವನಿಗೂ ಆಯಾಸವಾಗುತ್ತಿತ್ತು. ಈಗ ಕೂಗುವವನಿಗೆ ಆಯಾಸವಿಲ್ಲ, ಕೇಳುವವನಿಗೆ ಮಾತ್ರ.

ತಯಾರಕರಿಗೆ ಇದು ಗೊತ್ತಿಲ್ಲ ಎಂದಲ್ಲ. 2015ರಲ್ಲೇ ಸ್ಲ್ಯಾಕ್ 'ತೊಂದರೆ ಕೊಡಬೇಡಿ' ಎಂಬ ಅವಕಾಶ ತಂದಿತು. 2021ರಲ್ಲಿ ಐಫೋನಿನಲ್ಲಿ ಸೂಚನೆಗಳನ್ನು ಕಟ್ಟುಮಾಡಿ ಹೊತ್ತು ನೋಡಿ ಕೊಡುವ ವ್ಯವಸ್ಥೆ ಬಂತು. 2022ರ ಆಂಡ್ರಾಯ್ಡ್ 13ರಿಂದ ಹೊಸ ಆ್ಯಪ್‌ಗಳು ಗಂಟೆ ಹೊಡೆಯುವ ಮೊದಲು ನಮ್ಮ ಒಪ್ಪಿಗೆ ಕೇಳಬೇಕಾಯಿತು. ಒಳ್ಳೆಯದೇ. ಆದರೆ ಈ ಎಲ್ಲ ಸುಧಾರಣೆಗಳೂ ಗಂಟೆಯನ್ನು ತಗ್ಗಿಸುವ ಹೊಣೆಯನ್ನು ಕೇಳುವವನ ಮೇಲೆಯೇ ಹಾಕುತ್ತವೆ. ಮಾರ್ಗದರ್ಶಕರ ಸಂದೇಶಕ್ಕೆ 'ತೊಂದರೆ ಕೊಡಬೇಡಿ' ಎಂದು ಹಾಕುವ ಧೈರ್ಯ ಯಾವ ಸಂಶೋಧನಾ ವಿದ್ಯಾರ್ಥಿಗೆ ಉಂಟು ಹೇಳಿ. (ನಗು.) ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದನ್ನೇ: ಅಡ್ಡಿಯಾದಾಗ ಜನ ಕೆಲಸ ಬಿಡುವುದಿಲ್ಲ, ಬೇಗ ಬೇಗ ಮುಗಿಸುತ್ತಾರೆ, ಅದರ ಬೆಲೆಯನ್ನು ಒತ್ತಡದ ರೂಪದಲ್ಲಿ ತೆರುತ್ತಾರೆ.

ನನ್ನ ಮುಖ್ಯ ಆಕ್ಷೇಪ ಸದ್ದಿನ ಬಗ್ಗೆ ಅಲ್ಲ, ಆಯ್ಕೆಯ ಬಗ್ಗೆ. ಕಡತ ಬಂದರೆ ಗಂಟೆ. ಯಾರಾದರೂ ಹೆಬ್ಬೆರಳು ಒತ್ತಿದರೆ ಗಂಟೆ. ಕಡತ ಅಳಿಯುವಾಗ, ಅದನ್ನು ನಂಬಿಕೊಂಡ ಹತ್ತು ಜನರ ಫೋನಿನಲ್ಲಿ ಗಂಟೆಯಿಲ್ಲ. ಅಕ್ಕನ ಕಡತಗಳ ಕತೆ ಇದೇ. ಆಗಮನಕ್ಕೆ ಮೂವತ್ತೆಂಟು ಸೂಚನೆ ಬಂದಿತ್ತು, ನಿರ್ಗಮನಕ್ಕೆ ಒಂದೂ ಬರಲಿಲ್ಲ.

5. ನುಡಿ ಕಡತದ ಮೌನ

ಕನ್ನಡದ್ದೇ ಆದ ಇನ್ನೊಂದು ತೊಡಕು ಉಂಟು, ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಹಳೆಯ ಬರಹಗಳು ಬಹಳಷ್ಟು ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿವೆ. ಅವನ್ನು ಹಂಚಿದರೆ ಫಾಂಟ್ ಇಲ್ಲದ ಫೋನಿನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಯಂತ್ರದ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. 'ಹುಡುಕಬಹುದಾದ ದಾಖಲೆ' ಎಂಬ ಮಾತು ಇಂಥ ಕಡತಕ್ಕೆ ಮೊದಲ ದಿನದಿಂದಲೇ ಸುಳ್ಳು. ಈ ತಪ್ಪು ಯಾವ ಕಂಪೆನಿಯದ್ದೂ ಅಲ್ಲ. ಪರಿವರ್ತಕಗಳು ಇದ್ದೂ ಮಾಡಿಕೊಳ್ಳದ ನಮ್ಮದು.

ಸಂವಾದ

ಸೊಲ್ಲಾಪುರದ ವಿದ್ಯಾರ್ಥಿ: ಮೇಡಮ್, ನಮ್ಮ ಕಡೆ ಎಲ್ಲಾ ವಾಟ್ಸಾಪ್‌ನಾಗ ಕಳಸ್ತೀವ್ರಿ. ಅಲ್ಲಿ ಕಡತ ನಮ್ಮ ಫೋನಿಗೇ ಇಳೀತದಲ್ರಿ. ಅದಕ್ಕ ಖರೇ ಹಂಚಿಕಿ ಅನ್ನಬಹುದಲ್ರಿ?

ಉತ್ತರ: ಹೌದು, ಆ ಅರ್ಥದಲ್ಲಿ ವಾಟ್ಸಾಪ್ ಹಳೆಯ ಲಗತ್ತಿಗೆ ಹತ್ತಿರ. ಆದರೆ ಇಳಿಸಿಕೊಳ್ಳದೆ ಬಿಟ್ಟರೆ ಆಮೇಲೆ ಕಳಿಸಿದವರನ್ನೇ ಕೇಳಬೇಕು. ಫೋಟೊವನ್ನು ಹಾಗೆಯೇ ಕಳಿಸಿದರೆ ಕುಗ್ಗಿಸುತ್ತದೆ. ಹಸ್ತಪ್ರತಿಯ ಚಿತ್ರವನ್ನು 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ. ಫೋನ್ ಬದಲಾಯಿಸುವಾಗ ಮರೆಯಬೇಡಿ, ಅಷ್ಟೆ.

ಅಧ್ಯಕ್ಷರು: ನಿಮ್ಮ ವಾದಕ್ಕೆ ನನ್ನದೊಂದು ತಕರಾರು. ಪ್ರತಿ ಎಲ್ಲರ ಕೈಗೆ ಹೋಗುವುದೇ ಒಳ್ಳೆಯದು ಎನ್ನುತ್ತೀರಿ. ಹಾಡಿದ ಅಜ್ಜಿಯೇ ನಾಳೆ 'ಇದನ್ನು ಯಾರಿಗೂ ಕೇಳಿಸಬೇಡಿ ಮಗಾ' ಎಂದರೆ? ಲಿಂಕ್ ಆದರೆ ಮುಚ್ಚಬಹುದು. ಹತ್ತು ಫೋನಿಗೆ ಹೋದ ಪ್ರತಿಯನ್ನು ಹಿಂದಕ್ಕೆ ಪಡೆಯಲು ಬರುತ್ತದೆಯೇ?

ಉತ್ತರ: ಇದು ನಾನು ಸಾಕಷ್ಟು ಯೋಚಿಸದ ವಿಷಯ ಸರ್, ಒಪ್ಪುತ್ತೇನೆ. ಮನೆಯ ಗುಟ್ಟು, ಜಾತಿಯ ನೋವು ಇರುವ ಹಾಡುಗಳೂ ಅದರಲ್ಲಿದ್ದವು. ಹಿಂದಕ್ಕೆ ಪಡೆಯುವ ಅವಕಾಶ ಇರಲೇಬೇಕು. ಹಾಗಾದರೆ ನನ್ನ ವಾದವನ್ನು ಹೀಗೆ ತಿದ್ದಿಕೊಳ್ಳುತ್ತೇನೆ: ಬಾಗಿಲು ಮುಚ್ಚುವ ಅಧಿಕಾರ ಇರಲಿ, ಆದರೆ ಅದು ಹಾಡಿದವರ ಮಾತಿನಿಂದ ನಡೆಯಲಿ, ಖಾತೆಯ ಅವಧಿ ಮುಗಿದದ್ದರಿಂದಲ್ಲ. ನಮ್ಮ ಕಪಾಟು ಮುಚ್ಚಿದ್ದು ಅಜ್ಜಿ ಬೇಡ ಎಂದದ್ದಕ್ಕಲ್ಲ.

ಹೊಸೂರಿನ ವಿದ್ಯಾರ್ಥಿನಿ: ಈಗ ನಾವು ಏನು ಮಾಡ್ಬೇಕು ಮೇಡಂ?

ಉತ್ತರ: ದೊಡ್ಡ ಉಪಾಯ ಏನಿಲ್ಲ. ಕ್ಷೇತ್ರಕಾರ್ಯದ ಕಡತ ವ್ಯಕ್ತಿಯ ಖಾತೆಯಲ್ಲಿ ಬೇಡ, ವಿಭಾಗದ ಹೆಸರಿನ ಜಾಗದಲ್ಲಿರಲಿ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಬೀಗ ಇರುವ ಕಪಾಟಿನಲ್ಲಿ. ಯಾರು ಹಾಡಿದರು, ಯಾವತ್ತು, ಯಾರಿಗೆ ಕೇಳಿಸಬಹುದು ಅಂತ ಒಂದು ರಿಜಿಸ್ಟರ್ ಪುಸ್ತಕ, ಕೈಬರಹದ್ದೇ ಆದರೂ ಸಾಕು. ಯಾರಾದರೂ ವಿಭಾಗ ಬಿಟ್ಟು ಹೋಗುವಾಗ ಬೀಳ್ಕೊಡುಗೆಯ ಚಹಾಕ್ಕೆ ಮುಂಚೆ ಆ ಪುಸ್ತಕ ತೆರೆದು ಒಂದೊಂದೇ ಕಡತ ತೆಗೆದು ನೋಡುವುದು.

ನಾವು ಈ ವರ್ಷದಿಂದ ಹಾಗೆ ಮಾಡುತ್ತಿದ್ದೇವೆ. ಪುಸ್ತಕದ ಮೊದಲ ಪುಟದಲ್ಲಿ ಉಳಿದ ಹನ್ನೊಂದರ ಹೆಸರುಗಳಿವೆ. ಅದರ ಕೆಳಗೆ ಇಪ್ಪತ್ತೇಳು ಸಾಲು ಖಾಲಿ ಬಿಟ್ಟಿದ್ದೇವೆ. ಅಕ್ಕ ಮುಂದಿನ ತಿಂಗಳು ರಜೆಗೆ ಬರುತ್ತಾರೆ, ಬದಿಯಡ್ಕಕ್ಕೆ ಮತ್ತೊಮ್ಮೆ ಹೋಗುವುದು ಅಂತ ಆಗಿದೆ. ಹಾಡಿದವರಲ್ಲಿ ಕೆಲವರು ಇನ್ನೂ ಇದ್ದಾರೆ.