ಪರದೆ ನೋಡಬೇಡಿ, ಕೀಲು ನೋಡಿ: ಮನೆಗೆ ತರುವ ಎಲಿಪ್ಟಿಕಲ್ ಯಂತ್ರಗಳ ಒಂದು ವಿಮರ್ಶೆ

ಸಂಘದ ಕಾರ್ಯಕ್ರಮಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ನನಗೆ ಎದುರಾಗುವ ಪ್ರಶ್ನೆಗಳು ಹಿಂದೆಲ್ಲ ಬಿ.ಪಿ., ಸಕ್ಕರೆ ಕಾಯಿಲೆ, ಊರಿನಿಂದ ಬರುವ ತಂದೆತಾಯಿಗಳ ಮಾತ್ರೆಗಳು, ಇಷ್ಟರ ಸುತ್ತಲೇ ಇರುತ್ತಿದ್ದವು. ಈಚೆಗೆ ಇನ್ನೊಂದು ಸೇರಿಕೊಂಡಿದೆ. "ಡಾಕ್ಟ್ರೇ, ಮನೆಗೊಂದು ಎಲಿಪ್ಟಿಕಲ್ ತರೋಣ ಅಂತಿದ್ದೀವಿ. ತುಂಬಾ ದುಬಾರಿ ಬೇಡ, ಬೇಗ ಹಾಳಾಗಲೂ ಬಾರದು. ಯಾವುದು ತಗೋಳೋದು?" ಪಲಾವಿನ ಪಾತ್ರೆ ಮುಟ್ಟುವುದರೊಳಗೆ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ. ಆದ್ದರಿಂದ ಈ ಬರಹ.

ಪ್ರಶ್ನೆ ಹಗುರವಾದದ್ದೂ ಅಲ್ಲ. ಭಾರತ ಉಪಖಂಡದ ಮೂಲದವರಾದ ನಮಗೆ ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಗಳು ಇಲ್ಲಿನ ಬಿಳಿಯರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲೇ ಬರುತ್ತವೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲಿ ಏಷ್ಯಾ ಮೂಲದವರ ಸಕ್ಕರೆ ಪರೀಕ್ಷೆಗೆ ಬಿ.ಎಂ.ಐ. ಮಿತಿಯನ್ನು 25ರಿಂದ 23ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಐದಡಿ ಆರಂಗುಲದ ಒಬ್ಬರಿಗೆ ಅದು ಸುಮಾರು 142 ಪೌಂಡ್. ನಮ್ಮಲ್ಲಿ ಅಷ್ಟು ತೂಕದವರನ್ನು "ಪಾಪ, ಸೊರಗಿದ್ದಾರೆ" ಎನ್ನುತ್ತೇವೆ! ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. ಬೇಸಿಗೆಯಲ್ಲಿ ನಡಿಗೆಯಿಂದ ಇದನ್ನು ಹೇಗೋ ತುಂಬಿಸುತ್ತೇವೆ. ನವೆಂಬರಿನಲ್ಲಿ ಹಿಮ ಬಿದ್ದೊಡನೆ ಸೋಫಾ ಸೇರಿದರೆ ಮಾರ್ಚಿಯವರೆಗೂ ಏಳುವುದಿಲ್ಲ. ಆ ನಾಲ್ಕೈದು ತಿಂಗಳನ್ನು ಉಳಿಸಿಕೊಡುವ ಯಂತ್ರ ಒಳ್ಳೆಯ ಯಂತ್ರ. ಫೆಬ್ರವರಿಯಲ್ಲಿ ಕಿರುಗುಟ್ಟಲು ಹಿಡಿದು ಮೂಲೆ ಸೇರುವುದು ಎಷ್ಟು ಅಗ್ಗವಾದರೂ ದುಬಾರಿಯೇ.

ಎಲಿಪ್ಸ್ ಎಂದರೆ ನಾವು ಶಾಲೆಯಲ್ಲಿ ಕಲಿತ ದೀರ್ಘವೃತ್ತ. ಈ ಯಂತ್ರದಲ್ಲಿ ಪಾದ ಸಾಗುವ ದಾರಿ ಅದೇ. ಪ್ರಿಕಾರ್ ಕಂಪನಿ 1995ರಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಜಿಮ್‌ಗಳಲ್ಲೆಲ್ಲ ಇದು ಹರಡಿತು. ಪಾದ ಪೆಡಲನ್ನು ಬಿಟ್ಟು ಏಳುವುದಿಲ್ಲವಾದ್ದರಿಂದ ಓಡುವಾಗ ಮಂಡಿಗೆ ಬೀಳುವ ಹೊಡೆತ ಇಲ್ಲಿಲ್ಲ. ಇದು ನಿಜವಾದ ಗುಣ. ಆದರೆ "ಮಂಡಿಗೆ ಏನೂ ಆಗದು" ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಡಿ. ಮಂಡಿ ಬಾಗಿಯೇ ಇರುವುದರಿಂದ ತೊಡೆಯ ಮುಂಭಾಗದ ಸ್ನಾಯುವಿಗೂ ಮಂಡಿಚಿಪ್ಪಿಗೂ ಕೆಲಸ ಹೆಚ್ಚು. ಚಿಪ್ಪಿನ ಹಿಂದೆ ನೋವಿರುವವರಿಗೆ ಅದು ಕೆರಳಬಹುದು. ಇಪ್ಪತ್ತು ನಿಮಿಷವಾದ ಮೇಲೆ ಕಾಲ್ಬೆರಳು ಜೋಮು ಹಿಡಿಯುವುದೂ ಸಾಮಾನ್ಯ. ಇನ್ನು, ಹೊಡೆತವಿಲ್ಲದ ವ್ಯಾಯಾಮದಿಂದ ಮೂಳೆಗೆ ಸಿಗುವ ಲಾಭವೂ ಕಡಿಮೆ. ಮುಟ್ಟು ನಿಂತ ನಮ್ಮ ಸೋದರಿಯರು ಇದೊಂದನ್ನೇ ನೆಚ್ಚದೆ ನಡಿಗೆ ಮತ್ತು ತೂಕ ಎತ್ತುವುದನ್ನೂ ಜೊತೆಗಿಟ್ಟುಕೊಳ್ಳಬೇಕು.

ಈಗ ಯಂತ್ರದ ತಪಾಸಣೆಗೆ ಬರೋಣ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪರದೆ. ಮೊದಲು ಹಾಳಾಗುವುದು ಕೀಲು. ಪೆಡಲಿನ ತೋಳು, ಕೈಹಿಡಿಯ ಬುಡ, ಕ್ರ್ಯಾಂಕ್ ಸೇರುವ ಕಡೆ, ಎಲ್ಲಿ ಒಂದು ಭಾಗ ಇನ್ನೊಂದರ ಮೇಲೆ ತಿರುಗುತ್ತದೋ ಅಲ್ಲೆಲ್ಲ ಸವೆತವಿದೆ. ಅಲ್ಲಿ ಮೊಹರು ಮಾಡಿದ ಬೇರಿಂಗ್ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ. ಬರೀ ಪ್ಲಾಸ್ಟಿಕ್ ಬುಶ್ ಇದ್ದರೆ ಬೇಗ ಸಡಿಲವಾಗಿ ಕಟಕಟ ಎನ್ನುತ್ತದೆ. ಕೆಲವು ಯಂತ್ರಗಳಲ್ಲಿ ತೋಳುಗಳು ಸಣ್ಣ ಗಾಲಿಗಳ ಮೇಲೆ ಹಳಿಯಲ್ಲಿ ಓಡಾಡುತ್ತವೆ. ಹಳಿಯ ಮೇಲಿನ ಧೂಳು ಕೂದಲುಗಳನ್ನು ಒರೆಸುತ್ತಿದ್ದರೆ ಇವು ಕೆಟ್ಟವಲ್ಲ, ಸವೆದ ಗಾಲಿಯನ್ನು ಬದಲಿಸಲೂ ಬಹುದು. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಆ ಹಳಿಗೂ ಬೆರಳಿಗೂ ಆಗಿಬರುವುದಿಲ್ಲ. ಯಂತ್ರ ಇಟ್ಟ ಕೋಣೆಗೆ ಬೀಗ ಇರಲಿ.

ಬಿಗಿತ ಕೊಡುವುದು ಆಯಸ್ಕಾಂತ. ಅದು ತಿರುಗುವ ಫ್ಲೈವೀಲನ್ನು ಮುಟ್ಟದೆಯೇ ತಡೆಯುವುದರಿಂದ ಅಲ್ಲಿ ಸವೆತವಿಲ್ಲ, ಸದ್ದೂ ಕಡಿಮೆ. ಫ್ಲೈವೀಲ್ ಭಾರವಾದಷ್ಟೂ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ಇದು ಅರ್ಧ ಸತ್ಯ. ಹಗುರ ಚಕ್ರವೂ ವೇಗವಾಗಿ ತಿರುಗಿದರೆ ಅಷ್ಟೇ ನಯವಾದ ಚಲನೆ ಕೊಡಬಲ್ಲದು. ನಾನು ನೋಡುವುದು ಬೇರೆ ಎರಡು ತೂಕಗಳನ್ನು: ಯಂತ್ರದ ಒಟ್ಟು ತೂಕ, ಮತ್ತು ಅದು ಎಷ್ಟು ತೂಕದವರನ್ನು ಹೊರುತ್ತದೆ ಎಂಬ ಮಿತಿ. ಮನೆಯಲ್ಲಿ ಎಲ್ಲರೂ 170 ಪೌಂಡಿನ ಒಳಗೇ ಇದ್ದರೂ 300 ಪೌಂಡ್ ಹೊರುವುದನ್ನೇ ತನ್ನಿ. ನೂರು ಪೌಂಡೂ ತೂಗದ ಯಂತ್ರ ನೀವು ಜೋರಾಗಿ ತುಳಿದರೆ ತಾನೇ ನಡೆಯಲು ಶುರು ಮಾಡುತ್ತದೆ.

ಎರಡು ಅಳತೆಗಳು ಮುಖ್ಯ. ಒಂದು, ಹೆಜ್ಜೆಯ ಉದ್ದ. ಸಾಮಾನ್ಯ ಎತ್ತರದವರಿಗೆ 18ರಿಂದ 20 ಅಂಗುಲ ಬೇಕು. 14 ಅಂಗುಲದ್ದಾದರೆ ನಡೆದಂತೆ ಅನಿಸದೆ ಮೆಟ್ಟಿಲು ಕುಟ್ಟಿದಂತೆ ಅನಿಸುತ್ತದೆ. ಇನ್ನೊಂದು ನಮ್ಮವರು ಮರೆಯುವ ಅಳತೆ: ಬೇಸ್‌ಮೆಂಟಿನ ಸೂರು. ಪೆಡಲ್ ಮೇಲೆ ಬಂದಾಗ ನೆಲದಿಂದ 18 ಅಂಗುಲ ಇದ್ದರೆ, ಐದಡಿ ಎಂಟಂಗುಲದವರ ತಲೆ 86 ಅಂಗುಲಕ್ಕೆ ಮುಟ್ಟುತ್ತದೆ. ಹಳೆಯ ಮನೆಗಳ ಏಳಡಿ ಸೂರು ಇರುವುದೇ 84 ಅಂಗುಲ! ಕೊಳ್ಳುವ ಮೊದಲು ಮನೆಯಲ್ಲಿ ಅತಿ ಎತ್ತರದವರಿಗೆ ಪೆಡಲಿನ ಎತ್ತರ ಕೂಡಿಸಿ, ಮೇಲೆ ನಾಲ್ಕೈದು ಅಂಗುಲ ಬಿಟ್ಟು ಲೆಕ್ಕ ಹಾಕಿ. ಹೈಸ್ಕೂಲಿನಲ್ಲಿ ಇನ್ನೂ ಬೆಳೆಯುತ್ತಿರುವ ಮಗನಿದ್ದರೆ ಅವನನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಪರದೆಯ ವಿಚಾರ. ನಾರ್ಡಿಕ್‌ಟ್ರ್ಯಾಕ್ ಮತ್ತು ಪ್ರೋಫಾರ್ಮ್ ಎರಡೂ ಐಫಿಟ್ ಎಂಬ ಒಂದೇ ಕಂಪನಿಯವು. ಇವುಗಳ ಆಕರ್ಷಣೆಯೆಲ್ಲ ದೊಡ್ಡ ಪರದೆ ಮತ್ತು ಅದರಲ್ಲಿ ಬರುವ ಪಾಠಗಳು. ಪಾಠಗಳಿಗೆ ಚಂದಾ ಬೇರೆ. ಜೊತೆಗೊಬ್ಬರು ಹುರಿದುಂಬಿಸಿದರೆ ಮಾತ್ರ ಕಾಲಾಡಿಸುವವರಿಗೆ ಇದು ಉಪಯುಕ್ತವೇ. ಉಳಿದವರು ಅದೇ ಹಣವನ್ನು ಬೇರಿಂಗಿನ ಮೇಲೆ ಹಾಕಿ, ಮುಂದೆ ಹಳೆಯ ಟಿ.ವಿ. ಇಟ್ಟು ರಾಜ್‌ಕುಮಾರ್ ಚಿತ್ರ ಹಾಕಿಕೊಳ್ಳಬಹುದು. ಪರದೆ ತೋರಿಸುವ ಕ್ಯಾಲೊರಿಯನ್ನಂತೂ ವೇದವಾಕ್ಯವೆಂದು ತಿಳಿಯಬೇಡಿ. 70 ಕಿಲೋ ತೂಗುವವರು ಮಧ್ಯಮ ಶ್ರಮದಲ್ಲಿ ಅರ್ಧ ಗಂಟೆ ತುಳಿದರೆ ಖರ್ಚಾಗುವುದು ಸುಮಾರು 175 ಕ್ಯಾಲೊರಿ. ಸುಮ್ಮನೆ ಕುಳಿತಿದ್ದರೂ ಅದರಲ್ಲಿ 35 ಹೇಗೂ ಖರ್ಚಾಗುತ್ತಿತ್ತು. ಉಳಿದದ್ದು ಒಂದು ಮಸಾಲೆ ದೋಸೆಗೂ ಸಾಲದು. ಪರದೆ ಇದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಅದು ನಿಮ್ಮನ್ನು ಹೊಗಳುತ್ತಿದೆ ಎಂದು ತಿಳಿಯಿರಿ. ಕೈಹಿಡಿಯಲ್ಲಿ ನಾಡಿ ನೋಡುವ ಲೋಹದ ಪಟ್ಟಿಯೂ ಅಷ್ಟು ನಂಬಿಕಸ್ಥವಲ್ಲ. ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ. ಅವರು ಗೋಡೆಯ ಪಟ್ಟಿ ನೋಡಿ ಗುರಿ ಮುಟ್ಟಲು ಹೋಗಬಾರದು. ಎಲ್ಲರಿಗೂ ಒಪ್ಪುವ ಅಳತೆ ಒಂದಿದೆ: ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಬೆಲೆಯ ಪ್ರಕಾರ ಮೂರು ಗುಂಪು ಮಾಡಬಹುದು. ಐನೂರು ಡಾಲರಿನ ಕೆಳಗಿನವು ವಾರಕ್ಕೆ ಎರಡು ಬಾರಿ ಹತ್ತು ನಿಮಿಷ ತುಳಿಯುವ ಒಬ್ಬರಿಗೆ ಸರಿ, ಮನೆಮಂದಿಗೆಲ್ಲ ಆಗದು. ಎರಡು ಸಾವಿರದ ಮೇಲಿನವುಗಳಲ್ಲಿ ಗಟ್ಟಿತನವೂ ಇದೆ, ನಮಗೆ ಬೇಡದ ಆಡಂಬರವೂ ಇದೆ. ನನ್ನ ಮತ ನಡುವಿನ ಗುಂಪಿಗೆ, ಎಂದರೆ ಸುಮಾರು ಎಂಟುನೂರರಿಂದ ಸಾವಿರದ ಐನೂರರವರೆಗಿನದಕ್ಕೆ. ಸೋಲ್, ಹೊರೈಜನ್, ಷ್ವಿನ್ ಹೆಸರಿನವು ಇಲ್ಲಿ ಸಿಗುತ್ತವೆ. ಷ್ವಿನ್ 430ರಂಥ ಸರಳ ಯಂತ್ರದಲ್ಲೇ 20 ಅಂಗುಲದ ಹೆಜ್ಜೆ, 300 ಪೌಂಡ್ ಮಿತಿ ಎರಡೂ ಇವೆ ಎಂದ ಮೇಲೆ ಇದಕ್ಕಿಂತ ಕಡಿಮೆಯದನ್ನು ಹೆಚ್ಚು ಬೆಲೆಗೆ ಏಕೆ ತರಬೇಕು?

ವಾರಂಟಿಯಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದು "ಚೌಕಟ್ಟಿಗೆ ಜೀವಾವಧಿ." ಚೌಕಟ್ಟು ಮುರಿಯುವುದು ಅಪರೂಪ. ನೀವು ಓದಬೇಕಾದದ್ದು ಬಿಡಿಭಾಗಗಳಿಗೆ ಎಷ್ಟು ವರ್ಷ, ದುರಸ್ತಿಯ ಕೂಲಿಗೆ ಎಷ್ಟು ವರ್ಷ ಎಂಬ ಸಣ್ಣಕ್ಷರ. ನನಗೆ ಪರಿಚಯದ ಒಂದು ಮನೆಯಲ್ಲಿ ಎಂಟು ತಿಂಗಳಿಗೆ ತೋಳಿನ ಕೀಲು ಸಡಿಲವಾಯಿತು. ಕಂಪನಿ ಭಾಗವನ್ನು ಬಿಟ್ಟಿಯಾಗಿ ಕಳಿಸಿತು. ಜೋಡಿಸಲು ಬಂದವನ ಕೂಲಿ ಯಂತ್ರದ ಅರ್ಧ ಬೆಲೆಯಾಯಿತು. ಗ್ಯಾರೇಜಿನಲ್ಲಿ ಇಟ್ಟರೆ ವಾರಂಟಿ ಇಲ್ಲ ಎನ್ನುವ ಕಂಪನಿಗಳೂ ಇವೆ. ಕಂಪನಿಯೇ ಉಳಿಯುತ್ತದೆಯೇ ಎಂಬುದು ಇನ್ನೊಂದು ಮಾತು. 2001ರಲ್ಲಿ ಷ್ವಿನ್ ದಿವಾಳಿಯಾದಾಗ ಅದರ ವ್ಯಾಯಾಮ ಯಂತ್ರಗಳ ವಿಭಾಗ ನಾಟಿಲಸ್ ಪಾಲಾಯಿತು. ಬೋಫ್ಲೆಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ನಾಟಿಲಸ್ 2024ರ ಮಾರ್ಚಿಯಲ್ಲಿ ದಿವಾಳಿ ಅರ್ಜಿ ಹಾಕಿ, ತೈವಾನಿನ ಜಾನ್ಸನ್ ಹೆಲ್ತ್ ಟೆಕ್‌ಗೆ ಮಾರಾಟವಾಯಿತು. ದಿವಾಳಿಯಾದವರ ಆಸ್ತಿ ಕೊಂಡವರಿಗೆ ಹಳೆಯವರು ಕೊಟ್ಟ ಮಾತುಗಳೆಲ್ಲ ಸಾಮಾನ್ಯವಾಗಿ ಅಂಟುವುದಿಲ್ಲ. ಆದ್ದರಿಂದ ಬಿಡಿಭಾಗ ಹೊರಗೂ ಸಿಗುವ, ಬಹಳ ಮಾರಾಟವಾಗುವ ಮಾದರಿಯನ್ನೇ ಆರಿಸಿ.

ಮುಚ್ಚಿದ ಜಿಮ್‌ಗಳಿಂದ ಬರುವ ಹಳೆಯ ದೊಡ್ಡ ಯಂತ್ರಗಳು ಆಸೆ ಹುಟ್ಟಿಸುತ್ತವೆ. ಗಟ್ಟಿ ಹೌದು, ಆದರೆ ವಾರಂಟಿ ಬಹುತೇಕ ಮೊದಲ ಕೊಳ್ಳುವವರಿಗಷ್ಟೇ, ಮತ್ತು ಮುನ್ನೂರು ಪೌಂಡಿನದನ್ನು ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಇಳಿಸುವಾಗ ನಮ್ಮ ಸೊಂಟ ಯಾರ ವಾರಂಟಿಯಲ್ಲಿದೆ?

ಒಂದು ಸೀರೆಗೆ ನಲವತ್ತು ಸೀರೆ ಬಿಚ್ಚಿಸುವ ಜನ ನಾವು. ಇಲ್ಲಿಯೂ ಸಂಕೋಚ ಬೇಡ. ನಿತ್ಯ ಹಾಕುವ ಷೂ ತೊಟ್ಟು ಹೋಗಿ, ಪ್ರತಿಯೊಂದರ ಮೇಲೂ ಹತ್ತು ನಿಮಿಷ ತುಳಿಯಿರಿ. ಬಿಗಿತ ಹೆಚ್ಚಿಸಿ ಕೈಬಿಟ್ಟು ನಿಂತಾಗ ಯಂತ್ರ ಅಲುಗಿದರೆ, ಕೀಲಿನಲ್ಲಿ ಕಟಕಟ ಕೇಳಿದರೆ, ಪಾದಗಳು ತೀರ ಅಗಲವಾಗಿ ಸೊಂಟ ಎಳೆದರೆ ಬಿಟ್ಟು ಬನ್ನಿ. ತಂದಮೇಲೆ ಮೊದಲ ತಿಂಗಳ ಕೊನೆಗೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಬಿಗಿ ಮಾಡಿ.

ಕೊನೆಯದಾಗಿ ವೈದ್ಯನ ಮಾತು. ನಡೆಯುವಾಗ ಎದೆ ಬಿಗಿಯುವವರು, ಸ್ಟೆಂಟ್ ಹಾಕಿಸಿಕೊಂಡವರು ಮೊದಲು ತಮ್ಮ ಡಾಕ್ಟರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ನೋಡಿಕೊಂಡೇ ಹತ್ತಬೇಕು. ಊರಿನಿಂದ ಬಂದ, ತೂಗಾಟವಿರುವ ಅಜ್ಜ ಅಜ್ಜಿಯರಿಗೆ ಇದು ಬೇಡ. ಬೆನ್ನಿಗೆ ಆಸರೆಯಿರುವ ಕೂತು ತುಳಿಯುವ ಸೈಕಲ್ ಅವರಿಗೆ ಕ್ಷೇಮ. ಉಳಿದವರೆಲ್ಲ ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಬನ್ನಿ. ಈಗ ಅಂಗಡಿಗೆ ಹೊರಡುವ ಮುನ್ನ ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯಿರಿ, ಮೊದಲು ಸೂರನ್ನು ಅಳೆಯಿರಿ.